ಪಂಚೆ ಉಟ್ಟ ಫೋಟೊ ಬೇಕಾಗಿದೆ

ನಾನು ಸಂಶೋಧನೆಗೆಂದು ಹೊರಟ ಹೊತ್ತಿಗೆ ವೃತ್ತಿರಂಗಭೂಮಿಯ ದೊಡ್ಡವರೆಲ್ಲ ಖಾಲಿಯಾಗಿದ್ದರು. ಅವರು ಸತ್ತು ಎಷ್ಟೋ ಕಾಲವಾಗಿತ್ತು, ಆ ಮಾತಲ್ಲ. ಒಬ್ಬೊಬ್ಬರ ಮೇಲೂ ಆಗಲೇ ಯಾರೋ ಎಂ.ಫಿಲ್.ಗೆ ಹೆಸರು ಕೊಟ್ಟುಬಿಟ್ಟಿದ್ದರು. ತೊಂಬತ್ತರ ದಶಕದ ನಡುಭಾಗವದು. ಹಾಸನದಲ್ಲಿ ಮನೆ ಮಾಡಿಕೊಂಡು, ದಿನವೂ ಬಸ್ಸಿನಲ್ಲಿ ಚನ್ನರಾಯಪಟ್ಟಣಕ್ಕೆ ಹೋಗಿ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳಿ ಬರುತ್ತಿದ್ದೆ. ನನ್ನ ಮಾರ್ಗದರ್ಶಕರು ನಾನು ಹೇಳಿದ ಒಂದೊಂದು ಹೆಸರಿಗೂ, ಬಸ್ಸಿನಲ್ಲಿ ಸೀಟಿಲ್ಲವೆನ್ನುವ ಕಂಡಕ್ಟರನಂತೆ ತಲೆಯಾಡಿಸಿದರು. "ಅವರು ಆಗಿಹೋದರು. ಇವರೂ ಹೋದ ವರ್ಷ ಆಗಿಹೋದರು. ಯಾರಾದರೂ ಸಣ್ಣಪುಟ್ಟವರಿದ್ದರೆ ನೋಡಿಕೊಳ್ಳಿ. ನಿಮ್ಮ ಕಡೆ ಅಂಥವರು ಬೇಕಾದಷ್ಟು ಸಿಗುತ್ತಾರೆ."

ಆ ಸಣ್ಣಪುಟ್ಟವರನ್ನು ನನಗೆ ದಯಪಾಲಿಸಿದವರು ನಮ್ಮ ಮಾವನವರು. ಊಟಕ್ಕೆ ಕೂತಾಗ ನನ್ನ ಗೋಳು ಕೇಳಿ, "ಹೊಳೆನರಸೀಪುರದೋನು ಒಬ್ಬ ಇದ್ದನಮ್ಮ. ಹೆಣ್ಣು ಪಾರ್ಟು. ಅವನು ರಾಣಿಯಾಗಿ ಅಳೋಕೆ ಶುರು ಮಾಡಿದ್ರೆ ಅರಕಲಗೂಡಿನ ಗಂಡಸರೆಲ್ಲ ಹೆಗಲ ಮೇಲಿನ ಟವಲ್ ತಗೀತಿದ್ರು. ವೈದಿಕರ ಮನೆ ಹುಡುಗ. ನಾಟಕದ ಕಂಪನಿ ಸೇರಿದ ಅಂತ ಮನೆಯಿಂದ ಆಚೆಗೆ ಹಾಕಿದ್ರಂತೆ" ಎಂದರು. ನನಗೆ ಅಷ್ಟು ಸಾಕಾಗಿತ್ತು. ಅವರ ಮೇಲೆ ಬೇರೆ ಯಾರೂ ಹೆಸರು ಕೊಟ್ಟಿರಲಾರರೆಂಬ ಧೈರ್ಯವೂ ಇತ್ತು.

ಒಂದು ಭಾನುವಾರ ಹೊಳೆನರಸೀಪುರದಲ್ಲಿ ಅವರ ಮನೆ ಹುಡುಕಿದೆ. ದೇವಸ್ಥಾನದ ಹತ್ತಿರದ ಬೀದಿ. ಬಾಗಿಲು ತೆರೆದವರು ಕಲಾವಿದರ ಅಣ್ಣನ ಮಗ, ನಿವೃತ್ತ ಹೆಡ್‌ಮಾಸ್ಟರು. ಬಹಳ ಮರ್ಯಾದೆಯಿಂದ ಕೂರಿಸಿ, ಕಾಫಿ ಕೊಡಿಸಿ, ಬಂದ ವಿಷಯವೇನೆಂದು ಕೇಳಿದರು.

"ನಿಮ್ಮ ಚಿಕ್ಕಪ್ಪನವರ ಬಗ್ಗೆ ಸ್ವಲ್ಪ ತಿಳ್ಕೋಬೇಕಿತ್ತು ಸಾರ್."

"ನಮಗೆ ಚಿಕ್ಕಪ್ಪ ಅಂತ ಯಾರೂ ಇರಲಿಲ್ಲವಲ್ಲಮ್ಮ."

ಅಡುಗೆಮನೆಯಿಂದ ಅವರ ಹೆಂಡತಿಯ ದನಿ ಬಂತು. "ಇದ್ರಲ್ಲಾಂದ್ರೆ, ನಾಟಕದೋರು..."

"ನೀನು ಒಲೆ ಕಡೆ ನೋಡು" ಎಂದು ಕೂತಲ್ಲಿಂದಲೇ ಹೇಳಿ, ಹೆಡ್‌ಮಾಸ್ಟರು ಗೋಡೆಯ ಕಡೆಗೆ ಕೈ ತೋರಿಸಿದರು. ಅಲ್ಲಿ ದೊಡ್ಡದೊಂದು ಫೋಟೊ ಇತ್ತು. ಜರಿ ಪೇಟ, ಶಾಲು, ಕಚ್ಚೆ ಪಂಚೆ, ಎದುರಿಗಿದ್ದವರು ಏನೋ ತಪ್ಪು ಮಾಡಿದ್ದಾರೆಂದು ಖಚಿತವಾಗಿ ಗೊತ್ತಿರುವವರ ದೃಷ್ಟಿ. "ನಮ್ಮ ತಂದೆ. ಸಂಶೋಧನೆ ಮಾಡೋದಾದ್ರೆ ಇವರ ಮೇಲೆ ಮಾಡಿ. ಇವರಷ್ಟು ಆಚಾರವಂತರು ಈ ತಾಲ್ಲೂಕಿನಲ್ಲೇ ಸಿಗಲ್ಲ."

ಆಚಾರದ ಮೇಲೆ ನಮ್ಮ ವಿಭಾಗದಲ್ಲಿ ಎಂ.ಫಿಲ್. ಮಾಡಲು ಬರುವುದಿಲ್ಲವೆಂದು ಹೇಳಿ ಎದ್ದೆ. ಕುಂಕುಮ ಕೊಡುವ ನೆವದಲ್ಲಿ ಬಾಗಿಲವರೆಗೆ ಬಂದ ಅವರ ಹೆಂಡತಿ ಪಿಸುಗುಟ್ಟಿದರು. "ಕೊಣನೂರಲ್ಲಿ ಹೋಗಿ ಕೇಳಿ. ಕೊನೆಗೆ ಅಲ್ಲೇ ಇದ್ರಂತೆ. ನಾನು ಹೇಳಿದೆ ಅನ್ಬೇಡಿ."

ಕೊಣನೂರಿನಲ್ಲಿ ಕೇಳಿದ ಮೊದಲ ಅಂಗಡಿಯಲ್ಲೇ ದಾರಿ ಸಿಕ್ಕಿತು. ಒಂದು ಕಾಲಕ್ಕೆ ನಾಟಕದ ಕಂಪನಿಗಳು ಊರಿಗೆ ಬಂದಾಗಲೆಲ್ಲ ಅನ್ನ ಹಾಕುತ್ತಿದ್ದ ಜಮೀನ್ದಾರರ ಮಗಳು ಅಲ್ಲಿದ್ದರು. ಆಗಲೇ ಎಪ್ಪತ್ತು ದಾಟಿದ್ದ ಅಜ್ಜಿ. ನಾನು ಹೋದಾಗ ಟೀವಿ ಧಾರಾವಾಹಿ ನೋಡುತ್ತ, ಅದರಲ್ಲಿದ್ದ ನಾಯಕಿಯನ್ನು ಬಯ್ಯುತ್ತಿದ್ದರು.

"ನೋಡವ್ವ ಇವಳ್ನ. ಸೆರಗು ಒದ್ಕೊಳಕ್ ಬರಲ್ಲ, ಅಳಕ್ಕೆ ಬಂದವ್ಳೆ. ನಮ್ಮೂರ ಎಂಗಸ್ರಿಗೆ ಸರ್ಯಾಗಿ ನೆರಿಗೆ ಇಡಕ್ಕೆ ಯೋಳ್ಕೊಟ್ಟಿದ್ದೇ ಆ ಮಾನುಭಾವ ಕಣವ್ವ. ಮದ್ಯಾನ ಆಯ್ತು ಅಂದ್ರೆ ನಮ್ಮಟ್ಟಿ ಪಡಸಾಲೆ ತುಂಬಾ ಎಂಗಸ್ರು. ಒಬ್ಬೊಬ್ರಿಗೂ ನಿಂತ್ಕಂಡು ಯೋಳ್ಕೊಡೋರು."

ಅಜ್ಜಿಯ ನೆನಪು ಧಾರಾಳವಾದದ್ದು. ಮೊದಲ ಸಲ ಹೋದಾಗ, ಅವರ ಅಭಿನಯ ನೋಡಿ ಅಮಲ್ದಾರರು ಅತ್ತಿದ್ದರು. ಎರಡನೆಯ ಸಲಕ್ಕೆ ಮಹಾರಾಜರೇ ಅತ್ತರು. ಮೂರನೆಯ ಸಲ ಮಹಾರಾಜರು ಬಂದಿದ್ದ ಸಾರೋಟಿನ ಕುದುರೆಯ ಕಣ್ಣಲ್ಲೂ ನೀರು ಬಂತು. ಅಷ್ಟನ್ನೂ ಬರೆದುಕೊಂಡು, ಹಾಸನಕ್ಕೆ ಬಂದ ಮೇಲೆ ಕುದುರೆಯಿಂದ ಹಿಡಿದು ಮೇಲಕ್ಕೆ ಒಂದೊಂದಾಗಿ ಹೊಡೆದುಹಾಕುತ್ತಿದ್ದೆ. ಅಮಲ್ದಾರರನ್ನು ಮಾತ್ರ ಉಳಿಸಿಕೊಂಡೆ. ಪ್ರಬಂಧಕ್ಕೆ ಒಬ್ಬರಾದರೂ ಅಳಬೇಕಲ್ಲ.

ಆದರೆ ಒಂದು ವಿಷಯವನ್ನು ಮಾತ್ರ ಅಜ್ಜಿ ಎಂದೂ ಬೆಳೆಸಿ ಹೇಳಲಿಲ್ಲ. ತಾಯಿಗೆ ಕಾಯಿಲೆಯೆಂದು ಕೇಳಿ ಆ ಕಲಾವಿದರು ಒಮ್ಮೆ ಹೊಳೆನರಸೀಪುರಕ್ಕೆ ಹೋಗಿದ್ದರಂತೆ. ಅಣ್ಣ ಒಳಗೆ ಬಿಡಲಿಲ್ಲ. ಜಗಲಿಯ ಮೇಲೆ ಎಲೆ ಹಾಕಿಸಿ, ಊಟ ಬಡಿಸಿ, ಎಲೆಯನ್ನು ಅವರ ಕೈಲೇ ತೆಗೆಸಿ ಕಳಿಸಿದರು. ತಾಯಿಯ ಮುಖ ನೋಡಲಾಗಲಿಲ್ಲ. ಕೆಲವು ವರ್ಷಗಳಾದ ಮೇಲೆ ಅವರು ಕೊಣನೂರಿನಲ್ಲೇ ಜ್ವರದಿಂದ ಮಲಗಿದರು.

"ನಮ್ಮಪ್ಪ ಆಳ್ ಕಳ್ಸಿದ್ರು ಕಣವ್ವ, ಇಂಗಾಗದೆ ಬನ್ನಿ ಅಂತ. ಯಾರೂ ಬರ್ಲಿಲ್ಲ. ಒಳೆ ದಡದಲ್ಲಿ ಬೆಂಕಿ ಇಟ್ಟಿದ್ದು ನಮ್ಮಪ್ಪನೇ" ಎಂದರು ಅಜ್ಜಿ. ಟೀವಿಯಲ್ಲಿ ಜಾಹೀರಾತು ಬರುತ್ತಿತ್ತು.

ಅವರ ಒಂದೇ ಒಂದು ಫೋಟೊ ಅಜ್ಜಿಯ ದೇವರಮನೆಯಲ್ಲಿತ್ತು. ರಾಣಿಯ ವೇಷ. ಒಂದು ಕೈ ಕುರ್ಚಿಯ ಮೇಲೆ, ಇನ್ನೊಂದು ಕೈಯಲ್ಲಿ ಸೆರಗಿನ ತುದಿ. ಗಾಜಿನ ಮೇಲೆ, ಹಣೆಯ ಜಾಗದಲ್ಲಿ ಕುಂಕುಮ. ಗಂಡಸಿಗೆ ಕುಂಕುಮವೇ ಎಂಬಂತೆ ನೋಡಿದೆನೋ ಏನೋ, ಅಜ್ಜಿ ಗದರಿದರು. "ರಾಣಿ ವೇಸ ಕಣವ್ವ. ಬರೀ ಅಣೇಲಿ ಬುಡಕ್ಕಾಯ್ತದಾ?"

ನನಗೆ ಪದವಿ ಬಂತು. ಪ್ರಬಂಧವು ಗ್ರಂಥಾಲಯದ ಬೀರು ಸೇರಿತು. ಏಳೆಂಟು ವರ್ಷ ಅವರ ಬಗ್ಗೆ ಯಾರೂ ಏನೂ ಕೇಳಲಿಲ್ಲ.

ಎರಡು ಸಾವಿರದ ನಂತರ ಅರಕಲಗೂಡಿನಲ್ಲಿ ಒಂದು ಸಮಿತಿಯವರು ಚಂದಾ ಎತ್ತಿ ರಂಗಮಂದಿರ ಕಟ್ಟಿಸಿದರು. ಕಟ್ಟಡ ಬೇಗ ಮುಗಿಯಿತು, ಹೆಸರಿಡುವುದು ಮುಗಿಯಲಿಲ್ಲ. ಒಂದು ಗುಂಪಿನವರು ಹೇಳಿದ ಹೆಸರು ಇನ್ನೊಂದು ಗುಂಪಿನವರಿಗೆ ಆಗದು. ಒಂದು ಜಾತಿಯವರ ಹೆಸರಿಟ್ಟರೆ ಮಿಕ್ಕವರು ಚಂದಾ ವಾಪಸು ಕೇಳುತ್ತಾರೆ. ಕೊನೆಗೆ, ಯಾರಿಗೂ ಗೊತ್ತಿಲ್ಲದ, ಆದ್ದರಿಂದ ಯಾರಿಗೂ ಸಿಟ್ಟಿಲ್ಲದ ಒಬ್ಬರು ಬೇಕೆಂದಾಯಿತು. ಯಾರೋ ನನ್ನ ಪ್ರಬಂಧವನ್ನು ನೆನಪಿಸಿದರು. ನಮ್ಮ ಕಲಾವಿದರ ಹೆಸರು ಒಮ್ಮತದಿಂದ ಪಾಸಾಯಿತು.

ಸುದ್ದಿ ಪತ್ರಿಕೆಯಲ್ಲಿ ಬಂದ ದಿನವೇ ಹೊಳೆನರಸೀಪುರದಿಂದ ಹೆಡ್‌ಮಾಸ್ಟರ ಫೋನು. "ನಮ್ಮ ಚಿಕ್ಕಪ್ಪನವರ ಬಗ್ಗೆ ನೀವು ಎಂಥಾ ಕೆಲಸ ಮಾಡಿದೀರಮ್ಮ! ನಮ್ಮ ಮನೆತನವೇ ನಿಮಗೆ ಋಣಿ."

"ನಿಮಗೆ ಚಿಕ್ಕಪ್ಪ ಇರಲಿಲ್ಲ ಅಂದಿದ್ರಿ ಸಾರ್."

"ಆಗ ನೀವು ಕೇಳಿದ ರೀತಿ ಬೇರೆ ಇತ್ತಮ್ಮ" ಎಂದು ಅವರು ಕೊಂಚವೂ ತಡವರಿಸದೆ ಹೇಳಿದರು. ನಲವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವರು. ತಪ್ಪು ಯಾವಾಗಲೂ ಎದುರಿಗಿರುವವರದೇ.

ಇನ್ನು ಫೋಟೊ. ಸಮಿತಿಯ ಅಧ್ಯಕ್ಷರದು ಊರಿನಲ್ಲಿ ಪೈಪು, ನಲ್ಲಿ ಮಾರುವ ಅಂಗಡಿ. ಅಜ್ಜಿಯ ಫೋಟೊದ ಪ್ರತಿ ಮಾಡಿಸಿ ತೆಗೆದುಕೊಂಡು ಹೋದೆ. ಅವರು ಅದನ್ನು ದೂರ ಹಿಡಿದು, ಹತ್ತಿರ ಹಿಡಿದು, ಮುಗುಚಿಯೂ ನೋಡಿದರು.

"ಚೆನ್ನಾಗವ್ರೆ ಮೇಡಂ. ಆದ್ರೆ ಪಂಚೆ ಉಟ್ಟಿರೋದು ಒಂದು ಕೊಡಿ. ಸೀರೆದು ಬ್ಯಾಡ. ಮಿನಿಸ್ಟರು ಬತ್ತಾರೆ, ಸ್ಕೂಲ್ ಮಕ್ಳು ಬತ್ತವೆ. ಆರ ಆಕುವಾಗ ಎಲ್ರಿಗೂ ಕನ್‌ಫ್ಯೂಸ್ ಆಯ್ತದೆ."

"ಇವರು ಹೆಸರು ಮಾಡಿದ್ದೇ ಸೀರೆ ಉಟ್ಟು. ಪಂಚೇದು ಇಲ್ಲ."

"ನೋಡಿ ಮೇಡಂ, ಎಲ್ಲಾರಾ ಇರ್ತದೆ. ಗಂಡ್ಸಾಗಿ ಉಟ್ಟವ್ರೆ ಅಂದ್ಮೇಲೆ ಒಂದಿನಾನಾರ ಪಂಚೆ ಉಟ್ಟಿರಲ್ವಾ?"

ಫೋಟೊದ ಜವಾಬ್ದಾರಿಯನ್ನು ಹೊಳೆನರಸೀಪುರದ ಮನೆಯವರೇ ವಹಿಸಿಕೊಂಡಿದ್ದಾರೆಂದು ಒಂದು ವಾರದ ಮೇಲೆ ತಿಳಿಯಿತು. ನಿಜಕ್ಕೂ ಅಟ್ಟದ ಮೇಲೆ ಒಂದಿರಬಹುದೆಂದು ನನಗೂ ಆಸೆಯಾಯಿತು. ಆ ಮನುಷ್ಯ ಬಣ್ಣವಿಲ್ಲದೆ ಹೇಗಿದ್ದರೆಂದು ನಾನೂ ನೋಡಿರಲಿಲ್ಲ.

ಉದ್ಘಾಟನೆಯ ದಿನ ಸಮಿತಿಯ ಕಾರಿನಲ್ಲೇ ಅಜ್ಜಿಯನ್ನು ಕರೆತಂದೆ. ಎಂಬತ್ತು ದಾಟಿದ ಅವರು ರೇಷ್ಮೆ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತರು. ಮಿನಿಸ್ಟರು ಬರಲಿಲ್ಲ. ವೇದಿಕೆಯ ಮೇಲೆ ಹೊಳೆನರಸೀಪುರದಿಂದ ಬಂದ ನೆಂಟರೇ ಎರಡು ಸಾಲಿದ್ದರು. ಇರಲೇ ಇಲ್ಲವೆಂದಿದ್ದ ಮನುಷ್ಯನಿಗೆ ಇಷ್ಟು ಬಳಗ! ಅಧ್ಯಕ್ಷರು ದಾರ ಎಳೆದರು. ಪರದೆ ಸರಿಯಿತು.

ಜರಿ ಪೇಟ. ಶಾಲು. ಕಚ್ಚೆ ಪಂಚೆ. ಅದೇ ದೃಷ್ಟಿ.

ಚಪ್ಪಾಳೆ ಇನ್ನೂ ನಿಂತಿರಲಿಲ್ಲ. ಅಜ್ಜಿ ಎದ್ದು ನಿಂತು ಗಟ್ಟಿಯಾಗಿ ಕೇಳಿದರು. "ಇವ್ನ್ಯಾರವ್ವ?"

ಅಧ್ಯಕ್ಷರು ಮೈಕಿನಲ್ಲಿ ನಕ್ಕರು. "ಅಜ್ಜಿಗೆ ವಯಸ್ಸಾಗದೆ. ಕಣ್ಣು ಮಂಜು."

"ಕಣ್ಣು ಆಪ್ರೇಸನ್ ಮಾಡ್ಸ್ಕಂಡಿವ್ನಿ ಕಣಪ್ಪ. ನಿನ್ ಬಾಯೊಳಗಿರೋ ಅಲ್ಲೂ ಕಾಣ್ತದೆ ಇಲ್ಲಿಂದ. ಇವ್ನಲ್ಲ ಅವ್ರು!"

ನನಗೆ ಎರಡು ನಿಮಿಷ ಮಾತಾಡಲು ಕೊಟ್ಟಿದ್ದರು. ಬರೆದುಕೊಂಡು ಹೋಗಿದ್ದ ಭಾಷಣವನ್ನು ಮಡಿಸಿಟ್ಟು ನೇರವಾಗಿ ಹೇಳಿದೆ: ಇದು ಕಲಾವಿದರ ಫೋಟೊ ಅಲ್ಲ, ಅವರ ಅಣ್ಣನದು, ನಾಟಕ ಮಾಡಿದನೆಂದು ತಮ್ಮನನ್ನು ಮನೆಗೆ ಸೇರಿಸದಿದ್ದ ಅಣ್ಣನದು. ಹೇಳುವಾಗ ದನಿ ನಡುಗಿತು. ಹಿಂದೆ ಕೂತಿದ್ದ ಶಾಲಾ ಮಕ್ಕಳು ಭಾಷಣ ಮುಗಿಯಿತೆಂದು ತಿಳಿದು ಚಪ್ಪಾಳೆ ತಟ್ಟಿದರು, ಅದನ್ನು ಕೇಳಿ ಮಿಕ್ಕವರೂ ತಟ್ಟಿದರು.

ಹೆಡ್‌ಮಾಸ್ಟರು ಎದ್ದರು. ಅವರ ದನಿ ನಡುಗಲಿಲ್ಲ. "ಮೇಡಂ ಹೇಳಿದ್ದು ಅಕ್ಷರಶಃ ಸತ್ಯ. ಆದರೆ ಅಣ್ಣ ಬೇರೆ ತಮ್ಮ ಬೇರೆಯೆ? ಒಂದೇ ರಕ್ತ, ಒಂದೇ ಮೂಗು. ಇದೇ ಮುಖಕ್ಕೆ ಬಣ್ಣ ಬಳಿದರೆ ಚಿಕ್ಕಪ್ಪ, ತೊಳೆದರೆ ನಮ್ಮ ತಂದೆ!" ಚಪ್ಪಾಳೆ ಸೂರು ಮುಟ್ಟಿತು. ಅಜ್ಜಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಬೇಗ ಕಾರು ಹತ್ತಿಸಿದರು.

ನಾನು ಅಧ್ಯಕ್ಷರನ್ನು ಮೂಲೆಗೆ ಕರೆದು, ಫೋಟೊ ತೆಗೆಸಿ ಎಂದೆ. ಅವರು ನಿಜವಾಗಿಯೂ ನೊಂದಂತೆ ಕಂಡರು. "ಮೊಳೆ ಒಡ್ದಾಗದೆ ಮೇಡಂ. ಈಗ ಕಿತ್ರೆ ಪೇಂಟೂ ಕಿತ್ಕೊಂಡು ಬತ್ತದೆ. ಮುಂದಿನ್ ಸರಿ ಸುಣ್ಣ ಬಣ್ಣ ಮಾಡುಸ್ದಾಗ ನೋಡಾನ."

ಅಜ್ಜಿಯನ್ನು ಬಿಡಲು ಅದೇ ಕಾರಿನಲ್ಲಿ ನಾನೂ ಕೊಣನೂರಿಗೆ ಹೋದೆ. ಅಜ್ಜಿ ಮನೆ ತಲುಪಿ, ನೀರು ಕುಡಿದು, ಹೊದಿಸಿದ್ದ ಶಾಲನ್ನು ಬಾಗಿಲಿನ ಮೇಲೆ ಎಸೆದು, ಪಡಸಾಲೆಯ ನಡುವೆ ನಿಂತರು. "ಅವ್ರು ಎಂಗ್ ನಡೀತಿದ್ರು ಗೊತ್ತಾ?" ಎನ್ನುತ್ತ ಸೆರಗನ್ನು ಎರಡು ಬೆರಳಲ್ಲಿ ಹಿಡಿದು, ಮಂಡಿನೋವಿನ ಕಾಲಲ್ಲೇ ಗೋಡೆಯಿಂದ ಗೋಡೆಗೆ ನಡೆದು ತೋರಿಸಿದರು. ತಿರುಗುವಾಗ ಕತ್ತನ್ನು ಮೊದಲು ಹೊರಳಿಸಿ, ಮೈಯನ್ನು ಆಮೇಲೆ ತಂದರು. ಪ್ರಬಂಧದ ಅಷ್ಟು ಪುಟಗಳಲ್ಲಿ ನಾನು ಇದನ್ನು ಬರೆದಿರಲಿಲ್ಲ. ಇಬ್ಬರೂ ಸಿಟ್ಟನ್ನು ಮರೆತು ನಗತೊಡಗಿದೆವು.

ಹಾಸನಕ್ಕೆ ಬಂದವಳು ಸುಮ್ಮನಿರದೆ ಲೇಖನ ಬರೆದು, ರಾಣಿಯ ಫೋಟೊ ಇಟ್ಟು, ಸ್ಥಳೀಯ ಪತ್ರಿಕೆಯೊಂದಕ್ಕೆ ಕಳಿಸಿದೆ. ಪೂರ್ತಿ ಅಚ್ಚಾಯಿತು. ಫೋಟೊದ ಕೆಳಗೆ ಮಾತ್ರ "ಕಲಾವಿದರ ಧರ್ಮಪತ್ನಿ" ಎಂದಿತ್ತು. ಫೋನು ಮಾಡಿದರೆ, "ಹೆಂಗಸಿನ ಫೋಟೊಗೆ ನೀವು ಗಂಡಸಿನ ಹೆಸರು ಬರೆದುಬಿಟ್ಟಿದ್ರಿ ಮೇಡಂ. ನಾವೇ ಸರಿ ಮಾಡಿದ್ವಿ" ಎಂದರು. ಆ ದನಿಯಲ್ಲಿ ನನ್ನಿಂದ ಧನ್ಯವಾದದ ನಿರೀಕ್ಷೆಯಿತ್ತು.

ಮುಂದಿನ ವರ್ಷ ಹೆಡ್‌ಮಾಸ್ಟರ ಮೊಮ್ಮಗನ ಉಪನಯನಕ್ಕೆ ಕರೆ ಬಂತು. ಅವರ ಹೆಂಡತಿಯ ಮುಖ ನೋಡಿ ಹೋದೆ. ನಡುಮನೆಯ ಗೋಡೆಯ ಮೇಲೆ ಜರಿ ಪೇಟದ ಫೋಟೊ ಇದ್ದಲ್ಲೇ ಇತ್ತು. ಪಕ್ಕದಲ್ಲಿ, ಅಷ್ಟೇ ದೊಡ್ಡ ಚೌಕಟ್ಟಿನಲ್ಲಿ, ಪತ್ರಿಕೆಯಿಂದ ದೊಡ್ಡದು ಮಾಡಿಸಿದ ರಾಣಿ. ಎರಡಕ್ಕೂ ಸೇರಿಸಿ ಒಂದೇ ಗಂಧದ ಹಾರ. ಸೊಸೆಯೊಬ್ಬಳು ಬಂದವರಿಗೆಲ್ಲ, ಇವರೇ ರಂಗಮಂದಿರದ ತಾತ, ಇವರು ಅವರ ಮನೆಯವರು ಎಂದು ತೋರಿಸುತ್ತಿದ್ದಳು. ಬದುಕಿದ್ದಾಗ ಒಂದು ಸೂರಿನ ಕೆಳಗೆ ಇರಲಾಗದ ಅಣ್ಣತಮ್ಮಂದಿರನ್ನು ಗಂಡಹೆಂಡಿರನ್ನಾಗಿ ಮಾಡಿ ಗೋಡೆಗೆ ಏರಿಸಿದ್ದರು.

ಹೆಡ್‌ಮಾಸ್ಟರನ್ನು ಪಕ್ಕಕ್ಕೆ ಕರೆದೆ. "ಸಾರ್, ನಿಮಗೆ ಗೊತ್ತಿದೆಯಲ್ಲ, ಅದು ಅವರೇ. ಅವರಿಗೆ ಮದುವೆಯೇ ಆಗಿರಲಿಲ್ಲ."

ಅವರು ಆ ಕಡೆ ಈ ಕಡೆ ನೋಡಿ ದನಿ ತಗ್ಗಿಸಿದರು. "ಗೊತ್ತಮ್ಮ. ಆಗಿತ್ತು ಅಂತಾನೇ ಇರಲಿ ಬಿಡಿ. ಒಬ್ಬಂಟಿ, ಅದರ ಮೇಲೆ ಹೆಣ್ಣು ಪಾರ್ಟು ಅಂದ್ರೆ ಬೀಗರು ಏನೇನೋ ಕೇಳ್ತಾರೆ. ಮನೇಲಿ ಬೆಳೆದ ಹೆಣ್ಣುಮಕ್ಕಳಿದಾರೆ." ಅಷ್ಟು ಹೇಳಿ, ಎರಡನೆಯ ಪಂಕ್ತಿಗೆ ಎಲೆ ಹಾಕಿದ್ದಾರೆಂದು ನನ್ನನ್ನು ಊಟಕ್ಕೆ ಎಬ್ಬಿಸಿದರು.

ಪಂಕ್ತಿಯಲ್ಲಿ ನನ್ನ ಪಕ್ಕ ಕೂತಿದ್ದ ಹೆಂಗಸು ಬೀಗರ ಕಡೆಯವರು. ಗೋಡೆಯ ಕಡೆ ನೋಡುತ್ತ, ಆ ಕಾಲದವರ ಲಕ್ಷಣವೇ ಬೇರೆ, ಹೇಗೆ ಸೀರೆ ಉಟ್ಟಿದ್ದಾರೆ ನೋಡಿ ಎಂದರು. ಹೌದು, ಅದಕ್ಕೇ ಹೆಸರಾಗಿದ್ದವರು ಎಂದೆ. ಅಷ್ಟರಲ್ಲಿ ಪಾಯಸ ಬಂತು.