ಕಾರಿನ ಹೊಟ್ಟೆಯೊಳಗಿನ ಸದ್ದು

ಕಾರು ಓಡಿಸುತ್ತ ಹಾಡು ಕೇಳುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನನ್ನ ಕಾರಿನಲ್ಲೂ ಹಾಡಿನ ಪೆಟ್ಟಿಗೆ ಇದೆ, ಚೆನ್ನಾಗಿಯೇ ಇದೆ. ಆದರೆ ಅದನ್ನು ಹಚ್ಚಿದರೆ ಗೇರ್‌ಬಾಕ್ಸಿನ ಸದ್ದು ಕೇಳುತ್ತಿರಲಿಲ್ಲ, ಗೇರ್‌ಬಾಕ್ಸಿನ ಸದ್ದು ಕೇಳದಿದ್ದರೆ ನನಗೆ ಸಮಾಧಾನವಿರುತ್ತಿರಲಿಲ್ಲ. ಹೀಗಾಗಿ ಮೊನ್ನೆ ಮೊನ್ನೆಯವರೆಗೂ ಗಜೇಂದ್ರಗಡದಿಂದ ಗದಗಿನ ತನಕ ನಾನು ಕೇಳುತ್ತಿದ್ದದ್ದು ಒಂದೇ ರಾಗ. ಮೂರನೇ ಗೇರಿಗೆ ಹಾಕಿದಾಗ ಕೆಳಗಿನಿಂದ ಸಣ್ಣಗೆ ನರಳುವ ಒಂದು ದನಿ. ಅದು ಹೋದ ವಾರಕ್ಕಿಂತ ಈ ವಾರ ಜೋರಾಗಿದೆಯೋ ಇಲ್ಲವೋ ಎಂಬುದು ಬಿಟ್ಟರೆ ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಬೇರೇನೂ ಇರುತ್ತಿರಲಿಲ್ಲ.

ನಾನು ಪೇಟೆಯಲ್ಲಿ ಹುರುಳಿ, ಕಡಲೆ, ಹೆಸರಿನ ವ್ಯಾಪಾರ ಮಾಡುವವನು. ಹುಟ್ಟಾ ಅಂಜುಬುರುಕ. ನನ್ನ ಸ್ವಭಾವಕ್ಕೆ ಹೊಂದುವ ಗಾಡಿ ಎಂದರೆ ಎತ್ತಿನ ಬಂಡಿಯೇ. ಆದರೆ ಪಾಲಿಗೆ ಬಂದದ್ದು ಹೆಂಡತಿಯ ತಮ್ಮ ಮನಸೋ ಇಚ್ಛೆ ಹೊಡೆದು ಬಿಟ್ಟ ಕಾರು. ಪೆಡಲಿನ ಮೇಲೆ ಕಾಲಿಟ್ಟರೆ ಬೆನ್ನು ಸೀಟಿಗೆ ಅಂಟಿಕೊಳ್ಳುವ ಜಾತಿಯದು. ಪುಣೆ, ಗೋವಾ, ಹೈದರಾಬಾದ್ ಎಲ್ಲ ತಿರುಗಿ, ಮೀಟರಿನಲ್ಲಿ ಎರಡು ಲಕ್ಷ ಕಿಲೋಮೀಟರ್ ದಾಟಿಸಿ, ಹೊಸದೊಂದು ಕೊಂಡ ಮೇಲೆ ಅವನು ಇದನ್ನು ನಮ್ಮ ಅಂಗಳದಲ್ಲಿ ತಂದು ನಿಲ್ಲಿಸಿದ. ಇಂಜಿನ್ ಬೆಣ್ಣೆಯ ಹಾಗಿದೆ ಎಂದ. ಇಂಜಿನ್ನಿನ ಕೆಳಗೆ ಇರುವುದರ ಬಗ್ಗೆ ಚಕಾರ ಎತ್ತಲಿಲ್ಲ.

ನಾನು ಸುಮ್ಮನಿರದೆ ಮೊಬೈಲಿನಲ್ಲಿ ಓದಿದೆ. ಓದಬಾರದಿತ್ತು. ಜೋರಿನ ಕಾರುಗಳಲ್ಲಿ ಇಂಜಿನ್ನಿಗಿಂತ ಮೊದಲು ಸವೆಯುವುದು ಅದರ ಜೋರನ್ನು ಗಾಲಿಗೆ ಮುಟ್ಟಿಸುವ ಕ್ಲಚ್ಚು, ಗೇರು, ಆಕ್ಸಲ್ಲುಗಳಂತೆ. ಅಬ್ಬರಿಸುವವನು ಒಬ್ಬ, ಭಾರ ಹೊರುವವರು ಬೇರೆಯವರು. ಕೂಡು ಕುಟುಂಬದಲ್ಲಿ ಬೆಳೆದವನಾದ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅಂಜಿಕೆಗೆ ಕಾರಣ ಬರೀ ಕಾರಲ್ಲ. ನನ್ನ ಅತ್ತೆಯವರಿಗೆ ಎರಡೂ ಕಿಡ್ನಿ ಕೆಲಸ ಬಿಟ್ಟಿವೆ. ವಾರಕ್ಕೆರಡು ಬಾರಿ ಗದಗಿನ ದವಾಖಾನೆಗೆ ಹೋಗಿ ಯಂತ್ರದಲ್ಲಿ ರಕ್ತ ಶುದ್ಧ ಮಾಡಿಸಿಕೊಂಡು ಬರಬೇಕು. ಒಂದು ಸರದಿ ತಪ್ಪಿದರೆ ಕಾಲು ಬಾತುಕೊಳ್ಳುತ್ತವೆ, ಎರಡು ತಪ್ಪಿದರೆ ಉಸಿರು ಸಿಗುವುದಿಲ್ಲ. ಕರೆದೊಯ್ಯುವವನು ನಾನು, ಒಯ್ಯುವ ಗಾಡಿ ಇದು. ರೋಣದ ಆಚೆ ಎಲ್ಲೋ ಎರೆ ಹೊಲಗಳ ನಡುವೆ ಗೇರು ಮುರಿದು ನಿಂತರೆ ಅತ್ತೆಯವರ ಗತಿ ಏನು ಎಂಬ ಪ್ರಶ್ನೆ ನನ್ನನ್ನು ಊಟದ ತಟ್ಟೆಯ ಮುಂದೆಯೂ ಬಿಡುತ್ತಿರಲಿಲ್ಲ.

ಆದ್ದರಿಂದ ನಾನು ಕಾರಿನ ಆರೈಕೆಗೆ ಬಿದ್ದೆ. ಬೆಳಿಗ್ಗೆ ಇಂಜಿನ್ ಬೆಚ್ಚಗಾಗುವ ತನಕ ಗೇರು ಮುಟ್ಟುತ್ತಿರಲಿಲ್ಲ. ಊರಿಗೆ ಮರಳಿದ ಮೇಲೂ ಇಂಜಿನ್ನಿಗೆ ಜೋರು ಕೊಡುವ ಟರ್ಬೊ ತಣ್ಣಗಾಗಲೆಂದು ಚಾಲೂ ಇಟ್ಟುಕೊಂಡೇ ಒಳಗೆ ಕೂತಿರುತ್ತಿದ್ದೆ. ಹೆಂಡತಿಯ ಜೊತೆ ಜಗಳವಾಡಿ ಮನೆಯೊಳಗೆ ಹೋಗಲು ಹೆದರಿದ್ದಾನೆ ಎಂದು ಓಣಿಯವರು ತಿಳಿದರು. ಗೇರ್‌ಬಾಕ್ಸಿನ ಎಣ್ಣೆಯನ್ನು ಅವಧಿಗೆ ಮೊದಲೇ ಬದಲಿಸಿದೆ, ಹಳೆಯ ಎಣ್ಣೆಯನ್ನು ಬಿಸಿಲಿಗೆ ಹಿಡಿದು ಲೋಹದ ಪುಡಿ ಹುಡುಕಿದೆ. ನಮ್ಮ ಅಜ್ಜ ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿ ಬಂಡಿಯ ಅಚ್ಚಿಗೆ ಹಚ್ಚುತ್ತಿದ್ದ. ಅದು ಕೀಲೆಣ್ಣೆ. ಬಂಡಿ ಕಿರುಗುಟ್ಟುತ್ತ ಊರೊಳಗೆ ಬಂದರೆ ಒಡೆಯನಿಗೆ ಅವಮಾನ ಎಂದು ಅವನ ಕಾಲದವರು ಭಾವಿಸಿದ್ದರು. ಆದರೆ ಒಮ್ಮೆ ಹಚ್ಚಿದ ಮೇಲೆ ಅಜ್ಜ ಬಂಡಿಯಲ್ಲೇ ಮಲಗಿ ಗೊರಕೆ ಹೊಡೆಯುತ್ತಿದ್ದ. ಕೀಲೆಣ್ಣೆಯ ಜಾಣತನ ನನಗೆ ಬಂದಿತ್ತು, ಗೊರಕೆ ಬಂದಿರಲಿಲ್ಲ.

ಇಷ್ಟೆಲ್ಲ ಕಾದರೂ ಕೇಡು ಬಂದದ್ದು ನಾನು ಕಾಯದ ಕಡೆಯಿಂದ. ನಮ್ಮ ಕಡೆ ಸುಗ್ಗಿಯಲ್ಲಿ ಡಾಂಬರು ರಸ್ತೆಯೇ ಕಣ. ಕಿತ್ತ ಹುರುಳಿಯನ್ನು ಬಳ್ಳಿ ಸಮೇತ ರಸ್ತೆಯ ಮೇಲೆ ಹಾಸುತ್ತಾರೆ, ಹೋಗುವ ಬರುವ ಗಾಡಿಗಳು ತುಳಿದು ಕಾಳು ಬಿಡಿಸುತ್ತವೆ. ಬೇಡ ಎಂದು ಎಷ್ಟು ಜನ ಹೇಳಿದರೂ ಇದು ನಿಂತಿಲ್ಲ. ಹಾಸಿದ ರಾಶಿಯನ್ನು ತಪ್ಪಿಸಿ ಬದಿಯಿಂದ ಹೋದರೆ ಸೊಕ್ಕಿನವ ಎನ್ನುತ್ತಾರೆ. ಅದರಲ್ಲೂ ಅದೇ ಹುರುಳಿಯನ್ನು ನಾಳೆ ನನ್ನ ಅಂಗಡಿಗೆ ತರುವವರು ಅವರು. ಅಂದು ಬೆಳಿಗ್ಗೆ ಅತ್ತೆಯವರನ್ನು ಕೂರಿಸಿಕೊಂಡು ಗದಗಿಗೆ ಹೊರಟಾಗ, ಸೂಡಿ ಊರು ದಾಟಿದ ಮೇಲೆ ಹೀಗೇ ಹಾಸಿದ್ದರು. ಬದಿಗೆ ಕಾರು ಹೋಗುವಷ್ಟು ಜಾಗವಿತ್ತು. ಆದರೆ ಬೇವಿನ ನೆರಳಿನಲ್ಲಿದ್ದ ಪರಿಚಯದ ರೈತ ಕೈಯೆತ್ತಿ, “ಸಾವಕಾರ್ರ, ಒಂದೀಟು ನಡುವಿಂದ ಹಾಯ್ರಿ,” ಎಂದ. ಹಾಯ್ದೆ. ನನ್ನ ಕಾರು ಓಟಕ್ಕೆಂದು ಹುಟ್ಟಿದ್ದು, ಹೊಟ್ಟೆ ನೆಲಕ್ಕೆ ತಾಗುವಂತಿದೆ. ಬಳ್ಳಿಯನ್ನೆಲ್ಲ ಗುಡಿಸಿಕೊಂಡು ಆಚೆ ಬಂತು.

ಸ್ವಲ್ಪ ದೂರ ಹೋಗುವುದರಲ್ಲಿ ಸುಟ್ಟ ವಾಸನೆ ಬಂತು. ಬಂತಲ್ಲ ಅಂದುಕೊಂಡೆ. ಇಷ್ಟು ತಿಂಗಳು ಯಾವುದಕ್ಕೆ ಅಂಜಿದ್ದೆನೋ ಅದೇ, ಕ್ಲಚ್ಚು ಸುಡುತ್ತಿದೆ. ಸುಟ್ಟ ಕ್ಲಚ್ಚಿನ ಗಾಡಿಯನ್ನು ನಿಲ್ಲಿಸಿದರೆ ಮತ್ತೆ ಹೊರಡುವುದಿಲ್ಲ ಎಂದು ಓದಿದ್ದೆನಲ್ಲ, ಹೇಗಾದರೂ ರೋಣ ಮುಟ್ಟಿಸಿಬಿಡೋಣ ಎಂದು ಹಲ್ಲು ಕಚ್ಚಿ ಓಡಿಸಿದೆ. ಹಿಂದಿನ ಸೀಟಿನಿಂದ ಅತ್ತೆಯವರು, ಏನೋ ಬಳ್ಳಿ ಸುಟ್ಟಂಗ ಆಗಾಕತ್ತೈತಿ ಎಂದರು. ಅದು ಕ್ಲಚ್ಚು, ಅದರ ವಾಸನೆಯೇ ಹಾಗೆ ಎಂದು ನಾನು ತಿಳಿದವನ ಗತ್ತಿನಲ್ಲಿ ಹೇಳಿದೆ. ಅವರು ಮುಂದಕ್ಕೆ ಬಾಗಿ ಇನ್ನೊಮ್ಮೆ ಮೂಸಿದರು.

“ಒಲಿ ಮುಂದ ಕುಂತು ಜೀವಾ ಸವಸಿದಾಕಿ ಅದೀನ್ರಿ ನಾ. ಇದು ಹುರುಳಿ ಬಳ್ಳಿ. ನಿಂದರಸ್ರಿ.”

ಕನ್ನಡಿಯಲ್ಲಿ ನೋಡಿದೆ. ಹಿಂದೆ ಹೊಗೆಯೇ ಹೊಗೆ. ನಿಲ್ಲಿಸಿ ಇಳಿದು ಅವರ ಬಾಗಿಲು ತೆಗೆದೆ. ಬಾತ ಕಾಲುಗಳು, ಒಂದು ಹೊರಬಂತು, ಇನ್ನೊಂದು ಬರಲಿಲ್ಲ. ಮುಂದಿನ ಗಾಲಿಯ ಸಂದಿಯಲ್ಲಿ ಬೆಂಕಿಯ ನಾಲಿಗೆ ಕಾಣುತ್ತಿತ್ತು. ನನ್ನ ಜನ್ಮದಲ್ಲಿ ಅಷ್ಟು ಹೆದರಿದ್ದಿಲ್ಲ. ಅಳಿಯನಾದವನು ಅತ್ತೆಯನ್ನು ಮುಟ್ಟುವ ರೂಢಿ ನಮ್ಮಲ್ಲಿಲ್ಲ. ಅದನ್ನೆಲ್ಲ ಮರೆತು ಎರಡೂ ಕೈಯಿಂದ ಎತ್ತಿಕೊಂಡು ಹೊಲದ ಬದುವಿಗೆ ಓಡಿದೆ. ಅವರ ತೂಕ ಒಂದು ಹುರುಳಿ ಚೀಲದಷ್ಟೂ ಇರಲಿಲ್ಲ. ಅದು ಬೆಂಕಿಗಿಂತ ಹೆಚ್ಚು ನನ್ನನ್ನು ಹೆದರಿಸಿತು.

ಹೊಗೆ ಕಂಡು ರಾಶಿಯ ಮಂದಿ ಕುಡಿಯುವ ನೀರಿನ ಕೊಡ ಹೊತ್ತು ಓಡಿ ಬಂದು ಬೆಂಕಿ ಆರಿಸಿದರು. ರೈತ ಕುಡುಗೋಲು ಹಿಡಿದು ಕಾರಿನ ಕೆಳಗೆ ಮಲಗಿ, ಆಕ್ಸಲ್ಲಿಗೆ ಹಗ್ಗದಂತೆ ಸುತ್ತಿಕೊಂಡಿದ್ದ ಬಳ್ಳಿಯನ್ನು ಕೊಯ್ದು ತೆಗೆದ. ಆಕ್ಸಲ್ಲಿನ ರಬ್ಬರ್ ಚೀಲ ಸುಟ್ಟು ಒಳಗಿನ ಗ್ರೀಸು ಕರಗಿ ಸುರಿದಿತ್ತು. ಕ್ಲಚ್ಚಿಗೆ, ಗೇರಿಗೆ ಏನೂ ಆಗಿರಲಿಲ್ಲ. ನಡುವಿಂದ ಹಾಯಿರಿ ಎಂದದ್ದು ತನ್ನದೇ ತಪ್ಪೆಂದು ರೈತ ತಲೆ ತಗ್ಗಿಸಿದ, ಹಾಯ್ದವನು ನಾನು ಎಂದೆ. ಅಷ್ಟರಲ್ಲಿ ಗದಗಿನ ಬಸ್ಸು ಬಂತು. ಎಲ್ಲರೂ ಅಡ್ಡ ನಿಂತು ನಿಲ್ಲಿಸಿ ಅತ್ತೆಯವರಿಗೆ ಸೀಟು ಬಿಡಿಸಿ ಕೂರಿಸಿದರು.

ದವಾಖಾನೆಯಲ್ಲಿ ತಡವಾದದ್ದಕ್ಕೆ ಬೈದರು, ಆದರೂ ಯಂತ್ರಕ್ಕೆ ಹಚ್ಚಿದರು. ಅತ್ತೆಯವರ ರಕ್ತ ಕೊಳವೆಯಲ್ಲಿ ಹೊರಬಂದು ಸುತ್ತಿ ಒಳಗೆ ಹೋಗುತ್ತಿತ್ತು. ಯಂತ್ರದೊಳಗೆ ಒಂದು ಪುಟ್ಟ ಗಾಲಿ ತಿರುಗುತ್ತಿತ್ತು. ನಾನು ಅದರ ಸದ್ದಿಗೆ ಕಿವಿಗೊಟ್ಟು ಕೂತಿದ್ದೇನೆ ಎಂದು ಗೊತ್ತಾದಾಗ ನನ್ನ ಅಂಜಿಕೆಯ ಗುಟ್ಟು ನನಗೇ ತಿಳಿಯಿತು. ಗೇರಿಗೆ ಬದಲಿ ಗೇರು ಇದೆ, ಆಕ್ಸಲ್ಲಿಗೆ ಬದಲಿ ಆಕ್ಸಲ್ಲು ಹುಬ್ಬಳ್ಳಿಯಿಂದ ಬರುತ್ತದೆ. ಅತ್ತೆಯವರಿಗೆ ಕಿಡ್ನಿ ಬದಲಿಸುವ ವಯಸ್ಸಲ್ಲ ಎಂದು ವೈದ್ಯರು ಮೊದಲೇ ಹೇಳಿದ್ದರು. ಬಿಡಿಭಾಗ ಸಿಗುವ ಕಡೆ ನೋಡಿ ನಾನು ಹೆದರಿಕೊಳ್ಳುತ್ತಿದ್ದೆ. ವ್ಯಾಪಾರಸ್ಥನ ಬುದ್ಧಿ, ಹೆದರುವಾಗಲೂ ನಷ್ಟ ಕಡಿಮೆ ಇರುವ ಕಡೆಯೇ ಹೋಗುತ್ತದೆ.

ಈಗ ಕಾರಿಗೆ ಹೊಸ ಆಕ್ಸಲ್ಲು ಬಿದ್ದಿದೆ. ನನ್ನ ಕಾಟ ತಾಳದೆ ಗ್ಯಾರೇಜಿನವರು ಗೇರ್‌ಬಾಕ್ಸನ್ನೂ ಬಿಚ್ಚಿ ಬೇರಿಂಗ್ ಬದಲಿಸಿದರು. ಮೂರನೇ ಗೇರಿನ ನರಳಾಟ ನಿಂತುಹೋಗಿದೆ, ಗಾಡಿ ಓಡುವುದೇ ಗೊತ್ತಾಗುವುದಿಲ್ಲ. ಅದರಿಂದ ನೆಮ್ಮದಿ ಬಂದಿದೆ ಅಂದುಕೊಂಡಿರಾ? ಆ ನಿಶ್ಶಬ್ದದಲ್ಲಿ ಹಿಂದಿನ ಸೀಟಿನ ಉಸಿರು ಕೇಳಿಸತೊಡಗಿದೆ. ಮರಳುವಾಗ ಅತ್ತೆಯವರು ದಣಿದು ನಿದ್ದೆ ಹೋಗುತ್ತಾರೆ. ಉಸಿರು ಬರುತ್ತದೆ, ಹೋಗುತ್ತದೆ, ನಡುವೆ ತುಸು ನಿಲ್ಲುತ್ತದೆ. ನಿಂತಾಗ ನನ್ನ ಕಾಲು ತಾನಾಗಿಯೇ ಪೆಡಲಿನಿಂದ ಮೇಲೇಳುತ್ತದೆ.

ಮೊನ್ನೆ ರೋಣ ದಾಟಿದ ಮೇಲೆ ಆ ನಿಲುಗಡೆ ಬಹಳ ಉದ್ದವಾಯಿತು. ಕಾರನ್ನು ಬದಿಗೆ ತಂದು ನಿಲ್ಲಿಸಿದೆ. ಹಿಂತಿರುಗಿ ನೋಡಲು ಧೈರ್ಯವಾಗದೆ ಸ್ಟೇರಿಂಗ್ ಹಿಡಿದೇ ಕೂತೆ. ಹಿಂದಿನಿಂದ ದನಿ ಬಂತು, ಅವರು ಕಣ್ಣು ಸಹ ತೆರೆದಿರಲಿಕ್ಕಿಲ್ಲ.

“ಇದ್ದೀನ್ರಿ ಅಳಿಯಾರ. ನೀವು ಮುಂದ ನೋಡಿ ಗಾಡಿ ಹೊಡೀರಿ.”