ಸೌಟಣ್ಣನ ಬಾಣಲೆ ಸದ್ದು

ಮೀನು ಹಿಡಿಯುವ ಆ ದೋಣಿಯ ಅಡುಗೆಯವನಿಗೆ ಹೆತ್ತವರು ಇಟ್ಟ ಹೆಸರು ಏನೋ ಒಂದಿತ್ತು. ಮಾತಿಗೆ ಮುಂಚೆ ಸೌಟು ಎತ್ತುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಅವನು ಸೌಟಣ್ಣನಾಗಿಯೇ ಉಳಿದ. ಕೈಚಾಚಿದರೆ ಗೋಡೆ ತಾಕುವ ಅಡುಗೆ ಕೋಣೆ, ಅಲೆಗೆ ಜಾರದಂತೆ ಸರಪಳಿಯಿಂದ ಬಿಗಿದ ಒಲೆ, ಮೊಳೆಗೆ ತೂಗುಹಾಕಿದ ಬಾಣಲೆ, ಅಷ್ಟರಲ್ಲೇ ಅವನ ಅರ್ಧ ಆಯುಸ್ಸು ಕಳೆದಿತ್ತು. ಎಣ್ಣೆ ಬಾಟಲಿಯ ಮುಚ್ಚಳವನ್ನು ಹಲ್ಲಿನಿಂದಲೇ ಕಚ್ಚಿ ತೆಗೆಯುವುದು ಅವನ ಚಾಳಿ. ಹಾಗೆ ಕಚ್ಚಿಯೇ ಮುಂದಿನ ಹಲ್ಲೊಂದು ಅರ್ಧ ಮುರಿದಿತ್ತು. ಇಂಜಿನ್ ನೋಡಿಕೊಳ್ಳುತ್ತಿದ್ದವನು ಅವನ ಹೆಂಡತಿಯ ತಮ್ಮ. ಹಲ್ಲೆಲ್ಲ ಉದುರಿದ ದಿನ ನಮಗೆ ಉಪವಾಸವೇ ಗತಿ ಎಂದು ಭಾವನನ್ನು ಕಿಚಾಯಿಸುತ್ತಿದ್ದ.

ಊಟ ಮುಗಿದ ಮೇಲೆ ಸೌಟಣ್ಣ ಬಾಣಲೆಗೆ ಸೌಟಿನಿಂದ ಎರಡು ಏಟು ಹಾಕಿ, ಕಸದ ಬುಟ್ಟಿಯನ್ನು ಹಾಗೇ ಕಡಲಿಗೆ ಕವುಚುತ್ತಿದ್ದ. ಮೀನಿನ ಕರುಳು, ಮುಸುರೆ, ಅದರೊಟ್ಟಿಗೆ ಪ್ಲಾಸ್ಟಿಕ್ ಪೊಟ್ಟಣ, ಮುಚ್ಚಳ, ಎಲ್ಲವೂ. ಬೇರ್ಪಡಿಸುವ ಪುರುಸೊತ್ತು ಯಾರಿಗಿತ್ತು? ಕಡಲು ಎಲ್ಲವನ್ನೂ ಅರಗಿಸಿಕೊಳ್ಳುತ್ತದೆ ಎಂದು ಎಲ್ಲ ದೋಣಿಯವರಂತೆ ಅವನೂ ಅಂದುಕೊಂಡಿದ್ದ. ಸದ್ದು ಕೇಳಿದರೆ ಸಾಕು, ಕಡಲಹಕ್ಕಿಗಳು ಎಲ್ಲಿದ್ದರೂ ಎದ್ದುಬಿದ್ದು ಬರುತ್ತಿದ್ದವು. ಅವನಿಗೋ, ತಲೆಗೆ ಕೋಡು ಮೂಡಿದಷ್ಟು ಹೆಮ್ಮೆ. ಮನೆಯಲ್ಲಿ ಅವನ ಮಾತಿಗೆ ಕವಡೆ ಕಾಸಿನ ಬೆಲೆ ಇರಲಿಲ್ಲ, ಅದು ಬೇರೆ ವಿಷಯ. ಹಿಂಡಿನಲ್ಲಿ ಕಾಲು ಸೊಟ್ಟಗಿದ್ದ ಒಂದನ್ನು ಕುಂಟಿ ಎಂದು ಕರೆದು, ಮೀನಿನ ಒಳ್ಳೆಯ ತುಂಡನ್ನು ಅದರತ್ತಲೇ ಎಸೆಯುತ್ತಿದ್ದ.

ಒಂದು ಬೆಳಗ್ಗೆ ಕುಂಟಿ ದೋಣಿಯ ಅಂಚಿನ ಮೇಲೆ ಬಂದು ಕೂತಿತು. ಮೈಯಲ್ಲಿ ಮೂಳೆ ಬಿಟ್ಟರೆ ಏನೂ ಇರಲಿಲ್ಲ. ಕೊಟ್ಟ ಮೀನನ್ನು ಕೊಕ್ಕಿನಲ್ಲಿ ಹಿಡಿದು, ನುಂಗಲಾರದೆ ಬಿಟ್ಟಿತು. ಮಧ್ಯಾಹ್ನದ ಹೊತ್ತಿಗೆ ಸತ್ತುಹೋಯಿತು. ಯಾವ ರೋಗವೋ ನೋಡೋಣವೆಂದು ಸೌಟಣ್ಣ ಮೀನು ಸೀಳುವ ಚೂರಿಯಿಂದಲೇ ಅದರ ಹೊಟ್ಟೆ ಸೀಳಿದ. ಒಳಗಿದ್ದದ್ದು ಪೊಟ್ಟಣದ ಚೂರುಗಳು, ನೈಲಾನ್ ಎಳೆಗಳು, ಕೆಂಪು ಮುಚ್ಚಳಗಳು. ಒಂದು ಮುಚ್ಚಳದ ಅಂಚಿನಲ್ಲಿ ಹಲ್ಲಿನ ಗುರುತಿತ್ತು. ಅವನ ನಾಲಿಗೆ ತಾನಾಗಿಯೇ ಮುರುಕು ಹಲ್ಲಿನತ್ತ ಹೋಯಿತು. ಹೊಟ್ಟೆ ತುಂಬಿಯೂ ಹಸಿವಿನಿಂದ ಸತ್ತಿತ್ತು ಅದು. ಮುದ್ದಿನಿಂದ ಕರೆದು ಕರೆದೇ ಕೊಂದೆನಲ್ಲ ಎಂಬ ಸಂಕಟ ಅವನನ್ನು ಬಿಡಲಿಲ್ಲ.

ಆಮೇಲೆ ಅಡುಗೆ ಕೋಣೆಗೊಂದು ಗೋಣಿಚೀಲ ಬಂತು. ಪ್ಲಾಸ್ಟಿಕ್ಕನ್ನೆಲ್ಲ ಅದಕ್ಕೆ ತುಂಬಿ ದಡಕ್ಕೆ ತರತೊಡಗಿದ. ಬಾಣಲೆ ಬಡಿಯುವುದನ್ನೂ ಬಿಟ್ಟ. ಆದರೆ ಹಕ್ಕಿಗಳಿಗೆ ಅದನ್ನು ಹೇಳುವವರು ಯಾರು? ದೋಣಿಯಿಂದ ಬಿದ್ದದ್ದೆಲ್ಲ ಊಟವೆಂದು ಅವು ಕಲಿತಾಗಿತ್ತು.

ಹೀಗಿರುವಾಗ ಒಂದು ದಿನ ಪಕ್ಕದ ದೋಣಿಯವರು ಬುಟ್ಟಿ ಕವುಚಿದರು. ತೇಲುತ್ತಿದ್ದ ಬಣ್ಣಬಣ್ಣದ ಮುಚ್ಚಳಗಳ ಮೇಲೆ ಹಕ್ಕಿಗಳು ಮುಗಿಬಿದ್ದವು. ಬೇಡವೆಂದು ಸೌಟಣ್ಣ ಕೂಗಿದರೆ ಆ ದೋಣಿಯವರು ಕೈಬೀಸಿ ನಕ್ಕರು. ಅವನು ಒಳಗೆ ಓಡಿ, ಬಾಣಲೆ ತಂದು ಮತ್ತೆ ಬಡಿದ. ಇಡೀ ಹಿಂಡು ಅವನತ್ತ ತಿರುಗಿತು. ಎಲ್ಲರ ಊಟಕ್ಕೆಂದು ಹುರಿದಿಟ್ಟಿದ್ದ ಮೀನನ್ನು ಬಾಚಿ ಬಾಚಿ ಎಸೆದ. ಭಾವಮೈದುನ ಬೈಯಲಿಲ್ಲ, ಪಕ್ಕಕ್ಕೆ ಬಂದು ನಿಂತ.

“ಇವತ್ತೇನೋ ಎಸೆದ್ರಿ ಭಾವ. ನಾಳೆ ಏನ್ಮಾಡ್ತೀರಿ?”

“ಇವಕ್ಕೆ ನಂಬೋದನ್ನ ನಾನೇ ಕಲಿಸ್ಬಿಟ್ಟೆ ಕಣೋ. ಇನ್ಮೇಲೆ ನಂಬಬೇಡಿ ಅಂತ ಹೇಗೆ ಕಲಿಸ್ಲಿ, ಹೇಳು?”

ಮೀನು ಮುಗಿಯಿತು. ಹಕ್ಕಿಗಳು ಸೌಟಣ್ಣನ ತಲೆಯ ಮೇಲೆ ಒಂದು ಸುತ್ತು ಹಾಕಿ, ಅವನ ಬರಿಗೈ ನೋಡಿ, ಮುಚ್ಚಳಗಳತ್ತ ಹಾರಿಹೋದವು.