ಆಂಟೆನಾ ಪಕ್ಕ ಅಳಬಾರದು

ಸಂಜೆ ಆರು ಗಂಟೆ. ಇಡೀ ದಿನ ನೆಂಟರಿಗೆ ಕಾಫಿ ಕೊಟ್ಟಿದ್ದಾಯಿತು. ಮೊಬೈಲಿನಲ್ಲಿ ದೂರದ ಬಾಹ್ಯಾಕಾಶ ನೌಕೆಯ ಸಂದೇಶ ಹಿಡಿಯುವ ದೊಡ್ಡ ಆಂಟೆನಾದ ಚಿತ್ರ ಬಂತು.

ದೊಡ್ಡಬಳ್ಳಾಪುರದ ಕಡೆ ಅಪ್ಪ ಅಂಥದ್ದೊಂದಕ್ಕೆ ಕಾವಲಿದ್ದ. ಸಂಕೇತ ತೀರಾ ಕ್ಷೀಣ, ಎಂಜಿನ್ನಿನ ಕಿಡಿಯೂ ಅಡ್ಡಿಯೆಂದು ಎಲ್ಲರೂ ಮೊಪೆಡ್ ಆಫ್ ಮಾಡಿ ತಳ್ಳಿಕೊಂಡು ಹೋಗುತ್ತಿದ್ದರು. ಅಮ್ಮ ತೀರಿಕೊಂಡಾಗ ಅಪ್ಪ ಹೇಳಿದ: “ಅಳ್ಬೇಡ ಕಣವ್ವ. ನೀನು ಸದ್ದು ಮಾಡಿದ್ರೆ ಮೇಲಿಂದ ನಿಮ್ಮಮ್ಮನ ಮಾತು ಅದಕ್ಕೆ ಸಿಗಲ್ಲ.”

ಬಾಯಿಗೆ ಲಂಗ ತುರುಕಿಕೊಂಡು ಅಳು ನುಂಗಿದೆ. ಎಷ್ಟೋ ವರ್ಷದ ಮೇಲೆ ಇದನ್ನು ಹೇಳಿದಾಗ ಅಲ್ಲಿನ ಎಂಜಿನಿಯರ್ ನಕ್ಕುಬಿಟ್ಟರು: “ನೀನೆಷ್ಟು ಅತ್ರೂ ಅದಕ್ಕೇನೂ ಆಗಲ್ಲಮ್ಮ. ಅದ್ರಲ್ಲಿ ಸತ್ತೋರ ಮಾತೂ ಬರಲ್ಲ.”

ಯಾಕೆ ಸುಳ್ಳು ಹೇಳಿದ್ದೆಂದು ಅಪ್ಪನನ್ನು ಕೇಳಿದೆ. “ಮತ್ತೇನ್ಮಾಡ್ಲಿ, ನೀನು ಸುಮ್ನಾಗ್ತಿರ್ಲಿಲ್ಲ,” ಎಂದ, ಬೀಡಿ ಹಚ್ಚುತ್ತಾ.

ಈಗ ಅಪ್ಪನೂ ಇಲ್ಲ. ಎಲ್ಲರೂ ಅಳುತ್ತಿದ್ದಾರೆ, ನನಗೆ ಅಳು ಬರುತ್ತಿಲ್ಲ. “ಕಲ್ಲು ಕಣೇ ನೀನು,” ಎಂದರು ಅತ್ತೆ.

ನಾಳೆ ಬೆಳಿಗ್ಗೆ ತಿಥಿ.